ಮುದಿ ಲ್ಯಾಪ್‌ಟಾಪಿನ ಸ್ತಂಭರೋಗ

ಮಗನಾಗಲಿ ಮಗಳಾಗಲಿ ಕಾಲೇಜಿಗೆ ಸೇರುವಾಗ ಸಾಲಸೋಲ ಮಾಡಿ ಒಂದು ಲ್ಯಾಪ್‌ಟಾಪನ್ನು ಕೊಡಿಸುವದು, ಅವರಿಗೆ ನೌಕರಿ ದೊರೆತ ಬಳಿಕ ಅವರು ಹೊಸದೊಂದನ್ನು ಕೊಂಡು ಹಳೆಯದನ್ನು ತಂದೆತಾಯಿಗಳ ಪಾಲಿಗೆ ಬಿಟ್ಟುಹೋಗುವದು, ಇದು ಈಗ ನಮ್ಮ ಸಿಂದಗಿ ತಾಲೂಕಿನ ಹಳ್ಳಿಗಳಲ್ಲಿಯೂ ಲೋಕರೂಢಿಯಾಗಿರುವದು. ಮೋರಟಗಿಯ ನಮ್ಮ ಮನೆಯ ಪಡಸಾಲೆಗೆ ಬಂದು ಕುಳಿತದ್ದೂ ಅಂತಹದೇ ಒಂದು ಯಂತ್ರ. ೨೦೧೬ರಲ್ಲಿ ಕೊಂಡದ್ದು, ನಾಲ್ಕು ಜಿಬಿ ರ‍್ಯಾಮ್, ತಿರುಗುವ ತಟ್ಟೆಗಳುಳ್ಳ ಐದುನೂರು ಜಿಬಿ ಹಾರ್ಡ್ ಡಿಸ್ಕು, ವಿಂಡೋಸ್ ೧೦. ಮನುಷ್ಯರಿಗೆ ಹತ್ತು ವರ್ಷವೆಂದರೆ ಬಾಲ್ಯ. ಇಂತಹ ಯಂತ್ರಗಳಿಗೆ ಅದೇ ವಾರ್ಧಕ್ಯ.

೨೦೨೫ರ ಬೇಸಿಗೆಯಲ್ಲಿ ಅದಕ್ಕೆ ಒಂದು ವಿಚಿತ್ರವಾದ ವ್ಯಾಧಿಯು ತಗುಲಿತು. ಚೆನ್ನಾಗಿ ನಡೆಯುತ್ತಿದ್ದುದು ನಟ್ಟನಡುವೆ ನಿಂತುಬಿಡುವದು. ಬರೆಯುತ್ತಿದ್ದ ಪದವು ಅರ್ಧಕ್ಕೆ ನಿಲ್ಲುವದು. ಗುಂಡಿಯನ್ನು ಒತ್ತಿದರೆ ಓಗೊಡದು. ಪರದೆಯ ಮೇಲೆ ಒಂದು ಸಣ್ಣ ವರ್ತುಲವು ಮಾತ್ರ ಗಿರಿಗಿರಿ ತಿರುಗುತ್ತಿರುವದು. ಎರಡು ನಿಮಿಷ, ಒಮ್ಮೊಮ್ಮೆ ಹತ್ತು ನಿಮಿಷ ಹೀಗೆ ಸಮಾಧಿಸ್ಥವಾಗಿದ್ದು, ತನ್ನ ಮನಸ್ಸಿಗೆ ಬಂದಾಗ ಏನೂ ಆಗಿಲ್ಲವೆಂಬಂತೆ ಮುಂದುವರಿಯುವದು. ಕೆಲವು ಸಲ ಏಳುವದೇ ಇಲ್ಲ. ಜನರು ಇದಕ್ಕೆ 'ಹ್ಯಾಂಗ್ ಆಯಿತು' ಎನ್ನುವರು. ನಾವು ಸ್ತಂಭರೋಗವೆಂದು ಕರೆದೆವು. ಮನೆಯವರು ಅದಕ್ಕೆ ನಕ್ಕರು. ಆದರೆ ಹೆಸರಿಡದೆ ರೋಗದ ಬೆನ್ನು ಹತ್ತಲಾಗದೆಂಬದು ನಮ್ಮ ಹಳೆಯ ಅಭ್ಯಾಸ.

ಯಂತ್ರವು ಹೋದರೆ ಹೋಗಲಿ ಎನ್ನಬಹುದಾಗಿತ್ತು. ಆದರೆ ಅದರ ಹೊಟ್ಟೆಯಲ್ಲಿ ನಮ್ಮ ಏಳೆಂಟು ವರ್ಷಗಳ ದುಡಿಮೆಯಿತ್ತು. ಈ ಭಾಗದ ಒಕ್ಕಲುತನದ ಮಾತುಗಳನ್ನು, ಅಂದರೆ ಕೂರಿಗೆ, ಕುಂಟೆ, ಕಣ, ರಾಶಿ ಮೊದಲಾದವುಗಳ ಸುತ್ತಲಿನ ಶಬ್ದಗಳನ್ನು, ನಾವು ಒಂದೊಂದಾಗಿ ಕೂಡಿಸುತ್ತ ಬಂದಿದ್ದೆವು. ಸುಮಾರು ಎರಡು ಸಾವಿರವಾಗಿದ್ದವು. ಅದಕ್ಕಿಂತಲೂ ಹೆಚ್ಚಿನದೆಂದರೆ ಮುದುಕಿಯರ ಬಾಯಿಂದ ಮೊಬೈಲಿನಲ್ಲಿ ಹಿಡಿದ ಬೀಸುವ ಪದಗಳ ನಾಲ್ವತ್ತೊಂದು ಧ್ವನಿಮುದ್ರಣಗಳು. ಮೊಬೈಲಿನಲ್ಲಿ ಸ್ಥಳ ಸಾಲದೆಂದು ಅವನ್ನು ಲ್ಯಾಪ್‌ಟಾಪಿಗೆ ಸಾಗಿಸಿ, ಮೂಲವನ್ನು ಅಳಿಸಿಬಿಟ್ಟಿದ್ದೆವು. ಹಾಡಿದವರಲ್ಲಿ ಐವರು ಈಗ ಇಲ್ಲ. ೧೯೩೧ರಲ್ಲಿ 'ಗರತಿಯ ಹಾಡು' ಎಂಬ ಸಂಗ್ರಹವನ್ನು ಹೊರತಂದ ಹಲಸಂಗಿಯ ಗೆಳೆಯರು ನಮ್ಮ ಜಿಲ್ಲೆಯವರೇ. ಅವರಲ್ಲಿ ಯಂತ್ರವೇನೂ ಇರಲಿಲ್ಲ, ಕೇಳಿ ಕೇಳಿ ಕಾಗದದ ಮೇಲೆ ಇಳಿಸಿಕೊಂಡರು, ಅದು ಉಳಿಯಿತು. ನಾವು ಯಂತ್ರವಿದೆಯೆಂಬ ಧೈರ್ಯದಿಂದ ಕಾಗದವನ್ನು ಮುಟ್ಟಲೇ ಇಲ್ಲ.

ಮೊದಲು ಯಂತ್ರವನ್ನು ಚೀಲದಲ್ಲಿಟ್ಟುಕೊಂಡು ಪಟ್ಟಣದ ಒಂದು ಅಂಗಡಿಗೆ ಹೋದೆವು. ಅಂಗಡಿಯ ತರುಣನು ಅದನ್ನು ಹಚ್ಚಿ, ಅದು ಏಳುವಷ್ಟರೊಳಗೇ ನಿರ್ಣಯವನ್ನು ಕೊಟ್ಟನು: "ಗುರುಗಳ, ಇದರ ಆಯುಷ್ಯ ಮುಗದದ್ರಿ. ಮದರ್‌ಬೋರ್ಡ್ ಹೋಗ್ಯಾದ. ಹೊಸಾದು ತಗೋರಿ." ನಮ್ಮ ಮುಖವನ್ನು ನೋಡಿ ಮರುಕಗೊಂಡವನಂತೆ, "ಇಲ್ಲಂದ್ರ ಒಮ್ಮೆ ಫಾರ್ಮ್ಯಾಟ್ ಮಾಡಿ ನೋಡೂಣು, ಎಲ್ಲಾ ಸ್ವಚ್ಛ ಆಗ್ತದ" ಎಂದನು. ಈ 'ಸ್ವಚ್ಛ' ಎಂಬ ಮಾತಿನ ಅರ್ಥವನ್ನು ವಾಚಕರು ಚೆನ್ನಾಗಿ ತಿಳಿದುಕೊಳ್ಳತಕ್ಕದ್ದು. ಫಾರ್ಮ್ಯಾಟ್ ಮಾಡುವದೆಂದರೆ ಡಿಸ್ಕಿನೊಳಗಿನದನ್ನೆಲ್ಲ ಒರೆಸಿ ಹಾಕುವದು. ನಾಡಿಯನ್ನೂ ಮುಟ್ಟದೆ, ರೋಗಿಯ ನೆನಪನ್ನೇ ಅಳಿಸಿಬಿಡುವೆನೆನ್ನುವ ವೈದ್ಯನಲ್ಲಿ ನಮಗೆ ವಿಶ್ವಾಸವು ಹುಟ್ಟಲಿಲ್ಲ. ಹೊಸದಕ್ಕೆ ಬೇಕಾದ ಹಣವನ್ನು ಹಠಾತ್ತಾಗಿ ತೆಗೆಯುವ ಅನುಕೂಲವೂ ಇರಲಿಲ್ಲ. ಯಂತ್ರವನ್ನು ಚೀಲಕ್ಕೆ ಹಾಕಿಕೊಂಡು ಮರಳಿ ಬಸ್ಸು ಹತ್ತಿದೆವು.

ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಕಲಬುರಗಿಯಲ್ಲಿ ಗಣಕವಿಷಯವನ್ನು ಬೋಧಿಸುತ್ತಿರುವಳು. ಆಕೆಗೆ ಫೋನು ಮಾಡಿ ಲಕ್ಷಣಗಳನ್ನೆಲ್ಲ ಒಪ್ಪಿಸಿದೆವು. ಆಕೆ ಕೇಳಿದ ಮೊದಲ ಪ್ರಶ್ನೆಯು ರೋಗವನ್ನು ಕುರಿತದ್ದಾಗಿರಲಿಲ್ಲ. "ಸರ, ಅದರಾಗ ಇರೂದು ಬ್ಯಾರೆ ಕಡೆ ಎಲ್ಲೆರ ಅದ ಏನ್ರಿ?" ಎಂದಳು. ಇಲ್ಲವೆಂದೆವು. "ಹಂಗಾರ ಇವತ್ತ ನಕಲು ಮಾಡ್ರಿ. ಆಮ್ಯಾಲೆ ಔಷಧ ವಿಚಾರ ಮಾಡೂಣು." ನಾವು ಆಕೆಗೆ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿದ್ದೆವು, ಈ ದಿನ ಆಕೆಯು ನಮಗೆ ಕ್ರಮವನ್ನು ಕಲಿಸಿದಳು.

ನಕಲಿನ ಮಾತು ನಮಗೆ ಹೊಸದಾಗಿರಬಾರದಾಗಿತ್ತು. ನಮ್ಮ ವಿಜಯಪುರದಲ್ಲಿಯೇ ಇದ್ದು ಫ. ಗು. ಹಳಕಟ್ಟಿಯವರು ಮನೆಮನೆ ಮಠಮಠಗಳನ್ನು ತಿರುಗಿ ವಚನಗಳ ತಾಡವೋಲೆಗಳನ್ನು ಕೂಡಿಸಿ, ೧೯೨೩ರಲ್ಲಿ 'ವಚನಶಾಸ್ತ್ರಸಾರ'ವನ್ನು ಪ್ರಕಟಿಸಿದರು, ೧೯೨೬ರಿಂದ 'ಶಿವಾನುಭವ' ಪತ್ರಿಕೆಯನ್ನು ನಡೆಯಿಸಿದರು. ಗೆದ್ದಲು ಹತ್ತಿದ ಓಲೆಯನ್ನು ದುರಸ್ತಿ ಮಾಡುವದಕ್ಕಿಂತ ಮೊದಲು ಅದರ ಅಕ್ಷರಗಳನ್ನು ಬೇರೆ ಕಡೆಗೆ ಇಳಿಸಿಕೊಳ್ಳಬೇಕೆಂಬದನ್ನು ಅಂತಹ ಕೆಲಸ ಮಾಡಿದವರೆಲ್ಲರೂ ಬಲ್ಲರು. ಯಂತ್ರದ ವಿಷಯದಲ್ಲಿಯೂ ನ್ಯಾಯವು ಅದೇ. ಮೇಲಿಂದ ಮೇಲೆ ನಿಲ್ಲುವ ಲ್ಯಾಪ್‌ಟಾಪಿನ ಡಿಸ್ಕು ಕೆಟ್ಟಿರಬಹುದು. ಕೆಟ್ಟ ಡಿಸ್ಕಿಗೆ ಮಾಡುವ ಪ್ರತಿಯೊಂದು ಪರೀಕ್ಷೆಯೂ ಅದರ ಉಳಿದ ಉಸಿರನ್ನು ವೆಚ್ಚಮಾಡುವದು.

ನಕಲು ಮಾಡುವಾಗಲೂ ಒಂದು ವಿವೇಕವು ಬೇಕು. ಸಮಸ್ತವನ್ನೂ ಒಂದೇ ಸಲಕ್ಕೆ ಎಳೆಯಹೋದರೆ ನಡುವೆ ಎಲ್ಲಿಯೋ ಸಿಕ್ಕಿಕೊಂಡು, ಅತ್ತ ಇಲ್ಲ ಇತ್ತ ಇಲ್ಲ ಎಂಬಂತಾಗುವದು. ಮತ್ತೆ ದೊರೆಯಲಾರದ್ದು ಮೊದಲು, ಅದರಲ್ಲಿಯೂ ಚಿಕ್ಕದು ಮೊದಲು. ನಾವು ಶಬ್ದಸಂಗ್ರಹದ ಕಡತಗಳನ್ನು ಪೆನ್‌ಡ್ರೈವಿಗೆ ಇಳಿಸಿದೆವು. ಎರಡು ನಿಮಿಷದ ಕೆಲಸ. ಬಳಿಕ ಧ್ವನಿಮುದ್ರಣಗಳನ್ನು ಒಂದೊಂದಾಗಿ ಇಳಿಸಿದೆವು. ನಾಲ್ವತ್ತೊಂದರಲ್ಲಿ ಮೂವತ್ತೆಂಟು ಬಂದವು. ಮೂರರ ಬಳಿಗೆ ಬಂದಾಗ ಯಂತ್ರವು ನಿಂತಿತು. ಮತ್ತೆ ಎಬ್ಬಿಸಿ ಹಚ್ಚಿದರೆ ಮತ್ತೆ ಅಲ್ಲಿಯೇ ನಿಂತಿತು. "ಆ ಮೂರನ್ನ ಮುಟ್ಟಬ್ಯಾಡ್ರಿ, ಹಂಗ ಬಿಡ್ರಿ" ಎಂದು ಕಲಬುರಗಿಯಿಂದ ಅಪ್ಪಣೆಯಾಯಿತು. ಅವುಗಳಲ್ಲೊಂದು ತೀರಿಹೋದ ಐವರಲ್ಲಿ ಒಬ್ಬಳದು.

ಕನ್ನಡದಲ್ಲಿ ಬರೆಯುವವರಿಗೆ ಇಲ್ಲಿ ಇನ್ನೊಂದು ತೊಡಕುಂಟು. ನಮ್ಮ ಮೊದಲಿನ ಕಡತಗಳು ಹಳೆಯ ನುಡಿ ತಂತ್ರಾಂಶದ ಅಕ್ಷರಗಳಲ್ಲಿದ್ದವು. ಆ ಕಾಲದ ನುಡಿ, ಬರಹಗಳು ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕುಳ್ಳಿರಿಸುತ್ತಿದ್ದವು. ಆ ಅಚ್ಚು ಇಲ್ಲದ ಬೇರೊಂದು ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಗುಂಪು ಕಾಣಿಸುವದು. ಆದುದರಿಂದ ಹಳೆಯ ಕಡತಗಳನ್ನು ಬರಿದೇ ನಕಲು ಮಾಡಿದರೆ ಸಾಲದು, ಯೂನಿಕೋಡಿಗೆ ಪರಿವರ್ತಿಸಿಟ್ಟುಕೊಳ್ಳಬೇಕು. ನುಡಿಯಲ್ಲಿಯೇ ಅದಕ್ಕೆ ಪರಿವರ್ತಕವಿರುವದು. ಪರಿವರ್ತಿಸಿದ ಬಳಿಕ ಅರ್ಕಾವೊತ್ತುಗಳನ್ನೊಮ್ಮೆ ಕಣ್ಣಾಡಿಸಿ ನೋಡುವದು ಲೇಸು; ನಮ್ಮವು ಹಲವೆಡೆ ಅಸ್ತವ್ಯಸ್ತವಾಗಿದ್ದವು.

ಇನ್ನು ನಿದಾನ. ಆಯುರ್ವೇದದಲ್ಲಿ ಮಾಧವಕರನ ಗ್ರಂಥವು ಚಿಕಿತ್ಸೆಯನ್ನು ಹೇಳದೆ ಕೇವಲ ರೋಗನಿರ್ಣಯಕ್ಕೇ ಮೀಸಲಾಗಿರುವದು. ರೋಗವನ್ನು ತಿಳಿಯುವದೇ ಒಂದು ಶಾಸ್ತ್ರವೆಂದು ಪ್ರಾಚೀನರು ಬಗೆದಿದ್ದರು. ಅವರು ಹೇಳಿದ ಐದು ಉಪಾಯಗಳಲ್ಲಿ ಉಪಶಯ ಎಂಬದೊಂದು. ರೋಗವು ಗೂಢವಾಗಿದ್ದಾಗ ಒಂದು ಉಪಚಾರವನ್ನು ಮಾಡಿ ನೋಡಿ, ಅದರಿಂದ ಶಮನವಾಗುವದೋ ಉಲ್ಬಣವಾಗುವದೋ ಎಂಬದರ ಮೇಲಿಂದ ರೋಗವನ್ನು ಊಹಿಸುವದು. ತರ್ಕಶಾಸ್ತ್ರದವರ ಅನ್ವಯವ್ಯತಿರೇಕಗಳೂ ಇದರ ಬಂಧುಗಳೇ: ಇದು ಇದ್ದಾಗ ಅದು ಉಂಟು, ಇದು ಇಲ್ಲದಾಗ ಅದು ಇಲ್ಲ. ಲ್ಯಾಪ್‌ಟಾಪಿನ ರೋಗಕ್ಕೂ ಬೇರೆ ದಾರಿಯಿಲ್ಲವೆಂದು ನಮಗೆ ಮನವರಿಕೆಯಾಗಿದೆ. ಆದರೆ ಒಂದು ಸಲಕ್ಕೆ ಒಂದನ್ನೇ ಬದಲಿಸತಕ್ಕದ್ದು. ನಾಲ್ಕು ಔಷಧಗಳನ್ನು ಒಟ್ಟಿಗೆ ಕುಡಿಸಿದರೆ ಯಾವದರಿಂದ ವಾಸಿಯಾಯಿತೆಂದು ದೇವರಿಗೂ ತಿಳಿಯದು.

ಒಂದು ವಹಿಯನ್ನು ಮಾಡಿ ಎಂಟು ದಿನ ಬರೆದಿಟ್ಟೆವು: ಯಂತ್ರವು ಎಷ್ಟು ಗಂಟೆಗೆ ನಿಂತಿತು, ಹಚ್ಚಿ ಎಷ್ಟು ಹೊತ್ತಾಗಿತ್ತು, ಏನೇನು ತೆರೆದಿದ್ದೆವು, ಬೆನ್ನು ಬಿಸಿಯಾಗಿತ್ತೆ, ಸಪ್ಪಳವಿತ್ತೆ. ನಿಂತ ಕೂಡಲೇ ಕ್ಯಾಪ್ಸ್ ಲಾಕ್ ಗುಂಡಿಯನ್ನು ಒತ್ತಿ ನೋಡುತ್ತಿದ್ದೆವು. ಅದರ ದೀಪವು ಹತ್ತಿ ಆರುತ್ತಿದ್ದರೆ ಯಂತ್ರದ ಜೀವವು ಒಳಗೆ ಇದೆ, ಏನನ್ನೋ ಕಾಯುತ್ತಿದೆ ಎಂದರ್ಥ; ದೀಪವೂ ಮಿಸುಕದಿದ್ದರೆ ಸ್ತಂಭನವು ಸರ್ವಾಂಗಕ್ಕೂ ವ್ಯಾಪಿಸಿದೆಯೆಂದು ತಿಳಿಯಬೇಕು. ದೀಪವು ಉತ್ತರ ಕೊಡುವ ತನಕ ಐದು ನಿಮಿಷ ತಾಳುವದು ಒಳ್ಳೆಯದು. ಬಳಿಕ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರನ್ನೂ ಕೂಡಿಸಿ ಒತ್ತಿದರೆ ಟಾಸ್ಕ್ ಮ್ಯಾನೇಜರು ಬರುವದು. ಹಟ ಹಿಡಿದ ತಂತ್ರಾಂಶವನ್ನು ಅಲ್ಲಿ ಮುಗಿಸಬಹುದು. ಪರದೆಯು ಮಾತ್ರ ಸತ್ತಂತಿದ್ದರೆ ವಿಂಡೋಸ್, ಕಂಟ್ರೋಲ್, ಶಿಫ್ಟ್‌ಗಳ ಸಂಗಡ ಬಿ ಅಕ್ಷರವನ್ನು ಒತ್ತಿದರೆ ಚಿತ್ರಣದ ಭಾಗವಷ್ಟೇ ಮತ್ತೆ ಎಚ್ಚರುವದು. ವಿದ್ಯುತ್ ಗುಂಡಿಯನ್ನು ಹತ್ತು ಸೆಕೆಂಡು ಅದುಮಿ ಹಿಡಿದು ಆರಿಸುವದು ಕಡೆಯ ಉಪಾಯ. ಡಿಸ್ಕು ಬರೆಯುತ್ತಿರುವಾಗ ಹಾಗೆ ಮಾಡಿದರೆ ಬರೆಯುವವನ ಕೈಯಿಂದ ಲೇಖನಿಯನ್ನು ಕಸಿದಂತೆ.

ವಹಿಯಲ್ಲಿ ಒಂದು ಸಂಗತಿಯು ಎದ್ದು ಕಂಡಿತು. ಬೆಳಗಿನ ಐದು ಗಂಟೆಗೆ ಕುಳಿತರೆ ಒಂದೆರಡು ಸಲ ನಿಲ್ಲುವದು. ಮಧ್ಯಾಹ್ನ ಕುಳಿತರೆ ಗಂಟೆಗೆ ನಾಲ್ಕಾರು ಸಲ. ನಮ್ಮ ಜಿಲ್ಲೆಯ ಬಿಸಿಲು ವೈಶಾಖದಲ್ಲಿ ನಾಲ್ವತ್ತು ಡಿಗ್ರಿಯನ್ನು ಮೀರುವದು ಎಲ್ಲರಿಗೂ ಗೊತ್ತಿದ್ದುದೇ. ಉಷ್ಣವೇ ಕಾರಣವೆಂದು ನಾವು ಘಂಟಾಘೋಷವಾಗಿ ಸಾರಿದೆವು. ಪ್ರೊಸೆಸರ್ ಎಂಬ ಭಾಗವು ನೂರು ಡಿಗ್ರಿಯ ಸಮೀಪಕ್ಕೆ ಕಾದಾಗ ತನ್ನನ್ನು ಉಳಿಸಿಕೊಳ್ಳುವದಕ್ಕಾಗಿ ತಾನೇ ವೇಗವನ್ನು ಕುಗ್ಗಿಸಿಕೊಳ್ಳುವದು, ಇನ್ನೂ ಕಾದರೆ ಯಂತ್ರವೇ ಆರಿಹೋಗುವದು, ಇದು ಸತ್ಯ. ಕೆಳಗಿನ ಮುಚ್ಚಳವನ್ನು ಬಿಚ್ಚಿ ನೋಡಿದಾಗ ನಮ್ಮ ಊಹೆಗೆ ಇನ್ನಷ್ಟು ಬಲವು ಬಂದಿತು. ಪಂಖದ ಬಾಯಿಗೆ ಒಂದು ಬೂದುಬಣ್ಣದ ಕಂಬಳಿಯೇ ಹೊದ್ದಿತ್ತು. ಎರಿಭೂಮಿಯ ಧೂಳು, ತೊಗರಿಯ ಹೊಟ್ಟು, ಜೋಳದ ರಾಶಿಯ ಸುಂಕು ಎಲ್ಲವೂ ಅದರಲ್ಲಿ ಕೂಡಿ ಹೆಪ್ಪುಗಟ್ಟಿದ್ದವು. ಮೇಲಾಗಿ ನಾವು ಯಂತ್ರವನ್ನು ಕೌದಿಯ ಮೇಲಿಟ್ಟುಕೊಂಡು ಬರೆಯುವವರು; ಕೌದಿಯು ಕೆಳಗಿನ ಗಾಳಿಯ ಕಂಡಿಗಳನ್ನು ಪೂರ್ತಿಯಾಗಿ ಮುಚ್ಚುವದು.

ಯಂತ್ರವನ್ನು ಆರಿಸಿ, ಬ್ಯಾಟರಿಯ ಸಂಬಂಧವನ್ನು ತಪ್ಪಿಸಿ, ಪಂಖದ ರೆಕ್ಕೆಗಳು ತಿರುಗದಂತೆ ಒಂದು ಕಡ್ಡಿಯಿಂದ ಹಿಡಿದು, ಮೆತ್ತಗಿನ ಕುಂಚದಿಂದ ಧೂಳನ್ನು ತೆಗೆದೆವು. ರೆಕ್ಕೆಗಳನ್ನು ಹಿಡಿಯದೆ ಜೋರಾಗಿ ಗಾಳಿಯೂದಿದರೆ ಅವು ಮಿತಿಮೀರಿ ತಿರುಗಿ ಕೆಡುವ ಸಂಭವವಿದೆ. ಪ್ರೊಸೆಸರಿನ ಮೇಲೆ ಉಷ್ಣವನ್ನು ದಾಟಿಸಲೆಂದು ಹಚ್ಚಿದ ಥರ್ಮಲ್ ಪೇಸ್ಟ್ ಎಂಬ ಲೇಪವು ಒಣಗಿ ಹೆಕ್ಕಳಿಕೆಯಾಗಿತ್ತು. ಅದನ್ನು ಒರೆಸಿ, ಕಡಲೆಕಾಳಿಗಿಂತ ಚಿಕ್ಕದಾದ ಹೊಸ ಲೇಪವನ್ನಿಟ್ಟೆವು. ಕೌದಿಯ ಬದಲು ಒಂದು ಮರದ ಹಲಗೆ ಬಂದಿತು. ಬೆನ್ನು ತಣ್ಣಗಾಯಿತು, ಪಂಖದ ಭೋರಾಟವು ನಿಂತಿತು. ಯಂತ್ರವು ನಿಲ್ಲುವದು ಮಾತ್ರ ಕಡಿಮೆಯಾಯಿತೇ ಹೊರತು ಹೋಗಲಿಲ್ಲ. ನಾಲ್ಕಾರು ಸಲ ಇದ್ದುದು ಎರಡು ಸಲವಾಯಿತು. ಉಷ್ಣವು ರೋಗವನ್ನು ಕೆರಳಿಸುತ್ತಿತ್ತು, ಹುಟ್ಟಿಸುತ್ತಿರಲಿಲ್ಲ. ನಮ್ಮ ಘಂಟಾಘೋಷಕ್ಕೆ ನಾವೇ ನಾಚಬೇಕಾಯಿತು.

ಮುಂದಿನ ಸುಳಿವನ್ನು ಕೊಟ್ಟವರು ನಮ್ಮ ಮನೆಯವರು. ಪಂಖದ ಸದ್ದು ಅಡಗಿದ್ದರಿಂದ ಅವರ ಕಿವಿಗೆ ಇನ್ನೊಂದು ಸದ್ದು ಬಿದ್ದಿತ್ತು. "ರೀ, ಅದು ನಿಂತಾಗೆಲ್ಲಾ ಒಳಗ ಟಕ್ ಟಕ್ ಅಂತದ ನೋಡ್ರಿ. ಮತ್ತ ನೀವು ಹೊಸಾದು ಬರಿಯುವಾಗ ಅಷ್ಟು ನಿಲ್ಲೂದಿಲ್ಲ, ಹಳೀವು ತೆಗಿಯುವಾಗ ನಿಲ್ತದ." ನಾವು ವಹಿಯನ್ನು ತೆರೆದು ನೋಡಿದೆವು. ಮಾತು ಸರಿಯಾಗಿತ್ತು. ಎಂಟು ದಿನಗಳ ಲೆಕ್ಕವನ್ನು ನಾವೇ ಬರೆದು, ಓದುವದನ್ನು ಮಾತ್ರ ಮರೆತಿದ್ದೆವು.

ಇದನ್ನು ತಿಳಿಯಬೇಕಾದರೆ ಯಂತ್ರದೊಳಗಿನ ಎರಡು ಅಂಗಗಳನ್ನು ತಿಳಿಯಬೇಕು. ರ‍್ಯಾಮ್ ಎಂಬದು ಮಾಸ್ತರನ ಮೇಜು. ಹಾರ್ಡ್ ಡಿಸ್ಕು ಎಂಬದು ಹಿಂದಿನ ಕೋಣೆಯ ಕಪಾಟು. ಮೇಜಿನ ಮೇಲಿದ್ದುದು ತಕ್ಷಣ ಕೈಗೆ ಸಿಗುವದು. ಕಪಾಟಿನದಕ್ಕೆ ಎದ್ದು ಹೋಗಬೇಕು. ಮೇಜು ಚಿಕ್ಕದಾದರೆ, ಹೊಸ ಪುಸ್ತಕವನ್ನು ತೆರೆಯಲು ಹಳೆಯದನ್ನು ಕಪಾಟಿಗೆ ಇಟ್ಟು ಬರಬೇಕು, ಅದು ಬೇಕಾದಾಗ ಮತ್ತೆ ತರಬೇಕು; ಪಾಠಕ್ಕಿಂತ ಓಡಾಟವೇ ಹೆಚ್ಚಾಗುವದು. ೨೦೧೬ರಲ್ಲಿ ಸಾಕಷ್ಟಾಗಿದ್ದ ನಾಲ್ಕು ಜಿಬಿಯ ಮೇಜು ಈಗಿನ ಬ್ರೌಸರುಗಳ ಐದಾರು ಪುಟಗಳಿಗೇ ತುಂಬಿಹೋಗುವದು. ಇನ್ನು ಕಪಾಟಿನ ಸಂಗತಿ. ಹಳೆಯ ಹಾರ್ಡ್ ಡಿಸ್ಕಿನಲ್ಲಿ ನಯವಾದ ತಟ್ಟೆಗಳು ನಿಮಿಷಕ್ಕೆ ೫,೪೦೦ ಸುತ್ತು ತಿರುಗುತ್ತಿರುವವು; ಒಂದು ಸಣ್ಣ ತೋಳು ಅವುಗಳ ಮೇಲೆ ಅತ್ತಿತ್ತ ಸರಿಯುತ್ತ ಬೇಕಾದ ಸ್ಥಳವನ್ನು ಹುಡುಕಿ ಓದುವದು. ೧೯೫೬ರಲ್ಲಿ ಐಬಿಎಂ ಕಂಪನಿಯು ಮಾಡಿದ ಇಂತಹ ಮೊದಲ ಡಿಸ್ಕಿನಲ್ಲಿ ಇಪ್ಪತ್ತುನಾಲ್ಕು ಅಂಗುಲದ ಐವತ್ತು ತಟ್ಟೆಗಳಿದ್ದು, ಅವೆಲ್ಲವೂ ಕೂಡಿ ಐವತ್ತು ಲಕ್ಷ ಅಕ್ಷರಗಳನ್ನಷ್ಟೇ ಹಿಡಿಯುತ್ತಿದ್ದವಂತೆ. ನಮ್ಮ ಒಂದು ಬೀಸುವ ಪದಕ್ಕೂ ಅದು ಸಾಲದು. ತಟ್ಟೆಗಳು ಚಿಕ್ಕವಾದರೂ ತತ್ತ್ವವು ಅದೇ ಉಳಿದಿದೆ. ತೋಳು ಎಷ್ಟು ಓಡಾಡಿದರೂ ಸೆಕೆಂಡಿಗೆ ನೂರು ಕಡೆ ಹುಡುಕುವದೇ ಕಷ್ಟ. ಎಸ್‌ಎಸ್‌ಡಿ ಎಂಬ ಹೊಸ ಬಗೆಯದರಲ್ಲಿ ತಿರುಗುವದು ಏನೂ ಇಲ್ಲ; ಅದು ಸೆಕೆಂಡಿಗೆ ಹತ್ತಾರು ಸಾವಿರ ಕಡೆ ಹುಡುಕಬಲ್ಲದು.

ಟಾಸ್ಕ್ ಮ್ಯಾನೇಜರಿನಲ್ಲಿ ನೋಡಲಾಗಿ, ಯಂತ್ರವು ನಿಂತಾಗಲೆಲ್ಲ ಪ್ರೊಸೆಸರು ಶೇಕಡಾ ಹತ್ತರಷ್ಟೂ ದುಡಿಯುತ್ತಿರಲಿಲ್ಲ. ಡಿಸ್ಕಿನ ಕಾಲಮಿನಲ್ಲಿ ಶೇಕಡಾ ನೂರು ಎಂದು ಕೆಂಪಗೆ ನಿಂತಿತ್ತು. ಆದರೂ ಒಂದು ಸಂದೇಹವು ಉಳಿಯಿತು. ತಪ್ಪು ಡಿಸ್ಕಿನದೋ, ಡಿಸ್ಕನ್ನು ದುಡಿಸುವ ವಿಂಡೋಸಿನದೋ, ಅಥವಾ ಅಂಗಡಿಯವನು ಅಂದಂತೆ ಮದರ್‌ಬೋರ್ಡಿನದೋ? ಇಲ್ಲಿ ವ್ಯತಿರೇಕವು ಒದಗಿ ಬಂದಿತು. ಶ್ರಾವಣದ ರಜೆಗೆ ಊರಿಗೆ ಬಂದ ನಮ್ಮ ವಿದ್ಯಾರ್ಥಿನಿಯು ಒಂದು ಪೆನ್‌ಡ್ರೈವಿನಲ್ಲಿ ಲಿನಕ್ಸ್ ಮಿಂಟ್ ಎಂಬ ವ್ಯವಸ್ಥೆಯನ್ನು ತುಂಬಿಕೊಂಡು ಬಂದಿದ್ದಳು. ಇದನ್ನು ಯಂತ್ರದಲ್ಲಿ ಸ್ಥಾಪಿಸಬೇಕಾಗಿಲ್ಲ. ಪೆನ್‌ಡ್ರೈವಿನಿಂದಲೇ ಯಂತ್ರವನ್ನು ಎಬ್ಬಿಸಿ ನಡೆಯಿಸಬಹುದು, ಒಳಗಿನ ಡಿಸ್ಕನ್ನು ಮುಟ್ಟದೆ ಇರಬಹುದು. ಅದೇ ಪ್ರೊಸೆಸರು, ಅದೇ ರ‍್ಯಾಮ್, ಅದೇ ಮದರ್‌ಬೋರ್ಡು. ಇಲ್ಲದ್ದು ಡಿಸ್ಕು ಮತ್ತು ವಿಂಡೋಸು ಎರಡೇ. ಮಧ್ಯಾಹ್ನದ ಸೆಕೆಯಲ್ಲಿ ಬೇಕೆಂತಲೇ ಮೂರು ತಾಸು ನಡೆಯಿಸಿದೆವು. ಒಂದು ಸಲವೂ ನಿಲ್ಲಲಿಲ್ಲ. ಸತ್ತಿದೆಯೆಂದು ಹೇಳಿಸಿಕೊಂಡ ಮದರ್‌ಬೋರ್ಡು ನಿರಪರಾಧಿಯೆಂದು ಸಿದ್ಧವಾಯಿತು. ಈ ಒಂದು ಪರೀಕ್ಷೆಯನ್ನು ಪ್ರತಿಯೊಬ್ಬ ಗೃಹಸ್ಥನೂ ಹೊಸ ಯಂತ್ರಕ್ಕೆ ಹಣ ತೆಗೆಯುವ ಮೊದಲು ಮಾಡಿಸಿ ನೋಡಬೇಕೆಂದು ನಮ್ಮ ಆಗ್ರಹ. ಖರ್ಚು ಒಂದು ಪೆನ್‌ಡ್ರೈವು ಮಾತ್ರ.

ಉಳಿದದ್ದು ಡಿಸ್ಕಿನ ಬಾಯಿಂದಲೇ ಹೊರಟಿತು. ಹಾರ್ಡ್ ಡಿಸ್ಕುಗಳು ಸ್ಮಾರ್ಟ್ ಎಂಬ ಹೆಸರಿನ ತಮ್ಮದೇ ಒಂದು ದಿನಚರಿಯನ್ನು ಬರೆದಿಟ್ಟುಕೊಳ್ಳುವವು. ಎಷ್ಟು ತಾಸು ತಿರುಗಿದೆವು, ಎಷ್ಟು ಕಡೆ ಮೈ ಕೆಟ್ಟಿದೆ ಎಂಬಿವೇ ಮೊದಲಾದವು ಅದರಲ್ಲಿರುವವು. ಜಪಾನಿನವರೊಬ್ಬರು ಮಾಡಿ ಉಚಿತವಾಗಿ ಹಂಚುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ತಂತ್ರಾಂಶದಿಂದ ಆ ದಿನಚರಿಯನ್ನು ಓದಬಹುದು. ನಮ್ಮದರಲ್ಲಿ 'ಪೆಂಡಿಂಗ್ ಸೆಕ್ಟರ್' ಎಂಬ ಸಾಲು ಹಳದಿಯಾಗಿತ್ತು. ಓದಲು ಬಾರದೆ, ಕೆಟ್ಟಿದೆಯೆಂದು ನಿರ್ಧಾರವೂ ಆಗದೆ, ತ್ರಿಶಂಕುವಿನಂತೆ ಉಳಿದ ಸ್ಥಳಗಳ ಲೆಕ್ಕವದು. ಅಂತಹ ಸ್ಥಳವು ಎದುರಾದಾಗ ತೋಳು ಒಂದು ಸಲ ಓದಿ, ಸರಿಯಾಗದಿದ್ದರೆ ಹಿಂದೆ ಸರಿದು ಮತ್ತೆ ಓದುವದು, ಮತ್ತೆ ಮತ್ತೆ ಓದುವದು. ಅದೇ ಟಕ್ ಟಕ್ ಎಂಬ ಸದ್ದು. ಅದು ಉತ್ತರ ಕೊಡುವ ತನಕ ಇಡೀ ಯಂತ್ರವು ಬಾಗಿಲಲ್ಲಿ ನಿಂತು ಕಾಯುವದು. ನಾವು ಸ್ತಂಭನವೆಂದು ಕರೆದದ್ದು ವಾಸ್ತವದಲ್ಲಿ ಒಂದು ನಿರೀಕ್ಷಣೆಯಾಗಿತ್ತು.

ಇಲ್ಲಿ ಒಂದು ಎಚ್ಚರಿಕೆ. ವಿಂಡೋಸಿನಲ್ಲಿ ಚೆಕ್‌ಡಿಸ್ಕ್ ಎಂಬ ದುರಸ್ತಿಯ ಸೌಕರ್ಯವಿದೆ. ಬಲ್ಲವರು ಬಹಳ ಮಂದಿ ಅದನ್ನೇ ಮೊದಲು ಹೇಳುವರು. ಕಡತಗಳ ಲೆಕ್ಕವು ಮಾತ್ರ ತಪ್ಪಿದ್ದರೆ ಅದು ಒಳ್ಳೆಯ ಔಷಧ. ಆದರೆ ಮೈಯೇ ಕೆಟ್ಟ ಡಿಸ್ಕಿನ ಮೇಲೆ ಸೆಕ್ಟರುಗಳನ್ನು ಹುಡುಕುವ ಪರೀಕ್ಷೆಯನ್ನು ಹಚ್ಚಿದರೆ ಅದು ತಟ್ಟೆಯ ಅಂಗುಲ ಅಂಗುಲವನ್ನೂ ಅಗೆದು ನೋಡುವದು. ಸಾಯುತ್ತಿರುವವನಿಗೆ ಓಟದ ಪಂದ್ಯವನ್ನಿಟ್ಟಂತೆ. ನಕಲಾಗದೆ ಉಳಿದುದೇನಾದರೂ ಇದ್ದರೆ ಆ ತನಕ ಚೆಕ್‌ಡಿಸ್ಕಿನ ಹೆಸರನ್ನೆತ್ತಕೂಡದು.

ಚಿಕಿತ್ಸೆಯ ಭಾಗವು ಬೇಗ ಮುಗಿಯಿತು. ಹಳೆಯ ಡಿಸ್ಕನ್ನು ತೆಗೆದು ಅದೇ ಅಳತೆಯ ಎರಡೂವರೆ ಅಂಗುಲದ ೨೫೬ ಜಿಬಿ ಎಸ್‌ಎಸ್‌ಡಿಯನ್ನು ಕೂಡಿಸಿದೆವು. ಖಾಲಿಯಿದ್ದ ಇನ್ನೊಂದು ಮನೆಯಲ್ಲಿ ನಾಲ್ಕು ಜಿಬಿಯ ರ‍್ಯಾಮ್ ತುಂಡನ್ನು ಇಟ್ಟು ಎಂಟು ಮಾಡಿದೆವು. ರ‍್ಯಾಮ್ ಕೊಳ್ಳುವವರು ಹಳೆಯ ತುಂಡನ್ನು ಕೈಯಲ್ಲಿ ಒಯ್ಯುವದು ಕ್ಷೇಮ. ಡಿಡಿಆರ್ ಮೂರಕ್ಕೂ ನಾಲ್ಕಕ್ಕೂ ಕಚ್ಚು ಬೇರೆ ಬೇರೆ ಕಡೆ ಇರುವದರಿಂದ ಒಂದರ ಮನೆಗೆ ಇನ್ನೊಂದು ಹೊಗದು. ತೆಳ್ಳಗಿನ ಕೆಲವು ಯಂತ್ರಗಳಲ್ಲಿ ಅದನ್ನು ಬೆಸೆದೇ ಬಿಟ್ಟಿರುವರು, ಅವಕ್ಕೆ ಉಪಾಯವಿಲ್ಲ. ನಾವು ಕೊಂಡದ್ದು ಶ್ರಾವಣದಲ್ಲಿ. ೨೦೨೫ರ ಕೊನೆಯ ತಿಂಗಳುಗಳಲ್ಲಿ ಜಗತ್ತಿನಾದ್ಯಂತ ರ‍್ಯಾಮಿನ ಬೆಲೆಯು ಏರಿತು, ಆದುದರಿಂದ ನಮ್ಮ ಖರ್ಚಿನ ಲೆಕ್ಕವನ್ನು ಇಲ್ಲಿ ಕೊಟ್ಟರೆ ವಾಚಕರಿಗೆ ಮೋಸವಾದೀತು. ಹೊಸ ಯಂತ್ರದ ಬೆಲೆಯ ಐದನೆಯ ಒಂದು ಪಾಲಿಗಿಂತ ಕಡಿಮೆಯಾಯಿತೆಂದಷ್ಟೇ ಹೇಳುವೆವು. ಮೊದಲು ಹಚ್ಚಿ, ಕೈಕಾಲು ತೊಳೆದು, ಚಹಾ ಕುಡಿದು ಬಂದರೂ ಏಳದಿದ್ದ ಯಂತ್ರವು ಈಗ ಅರ್ಧ ನಿಮಿಷದೊಳಗೆ ಏಳುವದು.

ಮುಚ್ಚಳವನ್ನು ತೆಗೆದಿದ್ದಾಗಲೇ ಬ್ಯಾಟರಿಯನ್ನೂ ನೋಡಿದೆವು. ನಮ್ಮದು ಸೊರಗಿತ್ತೇ ಹೊರತು ಉಬ್ಬಿರಲಿಲ್ಲ. ಕೆಲವರ ಯಂತ್ರಗಳಲ್ಲಿ ಬೆರಳಾಡಿಸುವ ಹಲಗೆಯು ಮೇಲಕ್ಕೆದ್ದು ಗುಂಡಿಯು ಒತ್ತದಂತಾಗುವದು. ಅದು ಕೆಳಗಿನ ಲಿಥಿಯಂ ಬ್ಯಾಟರಿಯು ಉಬ್ಬಿದುದರ ಗುರುತಾಗಿರಬಹುದು. ಅಂತಹದನ್ನು ಚಾರ್ಜಿಗೆ ಹಚ್ಚಬಾರದು, ಚುಚ್ಚಬಾರದು, ತಿಪ್ಪೆಗೆ ಎಸೆಯಲೂಬಾರದು. ಬೆಂಕಿ ಹೊತ್ತುವ ಭಯವುಂಟು. ನಮ್ಮ ಕಡೆ ಹೇಳದೆ ಕೇಳದೆ ವಿದ್ಯುತ್ತು ಹೋಗುವದರಿಂದ ಸೊರಗಿದ ಬ್ಯಾಟರಿಯೂ ಒಂದು ಕೇಡೇ. ಬರೆಯುತ್ತಿರುವಾಗ ಪ್ರವಾಹವು ತಪ್ಪಿದರೆ ಕಡತವು ಮುರಿಯುವದು. ಬ್ಯಾಟರಿಯನ್ನು ದೀಪಾವಳಿಗೆ ಬದಲಿಸಿದೆವು.

ಅಷ್ಟರಲ್ಲಿ ಇನ್ನೊಂದು ಗಡುವು ಬಂದಿತ್ತು. ವಿಂಡೋಸ್ ೧೦ಕ್ಕೆ ಮೈಕ್ರೋಸಾಫ್ಟಿನವರು ಉಚಿತವಾಗಿ ಕೊಡುತ್ತಿದ್ದ ರಕ್ಷಣೆಯ ತಿದ್ದುಪಡಿಗಳು ೨೦೨೫ರ ಅಕ್ಟೋಬರ ೧೪ಕ್ಕೆ ಮುಗಿದವು. ಬೇಕೆಂದು ನೋಂದಾಯಿಸಿಕೊಂಡವರಿಗೆ ೨೦೨೬ರ ಅಕ್ಟೋಬರ ೧೩ರ ವರೆಗೆ ಒಂದು ವರ್ಷದ ಮುಂದುವರಿಕೆಯನ್ನು ಇಟ್ಟರು. ವಿಂಡೋಸ್ ೧೧ಕ್ಕೆ ಹೋಗೋಣವೆಂದರೆ, ಅದು ಇಂಟೆಲಿನ ಪ್ರೊಸೆಸರುಗಳಲ್ಲಿ ಬಹುಮಟ್ಟಿಗೆ ೨೦೧೭ರ ಎಂಟನೆಯ ಪೀಳಿಗೆಯಿಂದ ಈಚಿನವನ್ನು ಮಾತ್ರ ಒಪ್ಪುವದು. ಒಂದು ವರ್ಷದ ಅಂತರದಿಂದ ನಮ್ಮದು ಪಂಕ್ತಿಯ ಹೊರಗುಳಿಯಿತು. ಗಟ್ಟಿಮುಟ್ಟಾದ ಯಂತ್ರಗಳನ್ನು ಹೀಗೆ ವಯಸ್ಸಿನ ನೆವದಿಂದ ಹೊರಹಾಕುವದು ನಮಗೆ ಸರಿಕಾಣದು. ನಿವೃತ್ತರಾದವರ ಪಕ್ಷಪಾತವಿದೆಂದು ಬೇಕಾದರೆ ಎನ್ನಿರಿ. ನಾವು ಪರೀಕ್ಷೆಗೆಂದು ಬಂದಿದ್ದ ಲಿನಕ್ಸ್ ಮಿಂಟನ್ನೇ ಖಾಯಂ ಆಗಿ ಇರಿಸಿಕೊಂಡೆವು. ಕನ್ನಡವನ್ನು ಬರೆಯಲು ನಾವು ನುಡಿಯಲ್ಲಿ ರೂಢಿಸಿಕೊಂಡಿದ್ದ ಕಗಪ ಕೀಲಿಮಣೆಯ ವಿನ್ಯಾಸವು ಅದರಲ್ಲಿಯೂ ಇರುವದು. ಈ ವಿನ್ಯಾಸದ ಮೂಲವು ಕೆ. ಪಿ. ರಾವ್ ಅವರದು, ಕಗಪ ಎಂದರೆ ಕನ್ನಡ ಗಣಕ ಪರಿಷತ್ತು. ಬೆರಳುಗಳು ಹೊಸದನ್ನೇನೂ ಕಲಿಯಬೇಕಾಗಲಿಲ್ಲ. ಬ್ಯಾಂಕಿನ ಅಥವಾ ಕಚೇರಿಯ ಯಾವದಾದರೊಂದು ಕೆಲಸಕ್ಕೆ ವಿಂಡೋಸೇ ಬೇಕೆಂಬವರು ಈ ದಾರಿಯನ್ನು ಹಿಡಿಯುವ ಮೊದಲು ವಿಚಾರಿಸಿಕೊಳ್ಳತಕ್ಕದ್ದು.

ಮುಟ್ಟದೆ ಬಿಟ್ಟಿದ್ದ ಆ ಮೂರು ಧ್ವನಿಮುದ್ರಣಗಳ ಮಾತು ಉಳಿಯಿತು. ಹಳೆಯ ಡಿಸ್ಕನ್ನು ನಮ್ಮ ವಿದ್ಯಾರ್ಥಿನಿಯು ಕಲಬುರಗಿಗೆ ಒಯ್ದು, ಡಿಡಿರೆಸ್ಕ್ಯೂ ಎಂಬ ತಂತ್ರಾಂಶವನ್ನು ಹಚ್ಚಿದಳು. ಅದರ ಕ್ರಮವು ಜಾಣತನದ್ದು: ಮೊದಲು ಸುಲಭವಾಗಿ ಬರುವದನ್ನೆಲ್ಲ ತೆಗೆದುಕೊಳ್ಳುವದು, ಸಿಕ್ಕಿಕೊಂಡ ಸ್ಥಳವನ್ನು ಗುರುತು ಮಾಡಿ ದಾಟಿ ಹೋಗುವದು, ಕಡೆಗೆ ಮರಳಿ ಬಂದು ಆ ಗುರುತುಗಳನ್ನು ಒಂದೊಂದಾಗಿ ಕೆದಕುವದು. ಎರಡು ದಿನ ನಡೆಯಿತು. ಒಂದು ಮುದ್ರಣವು ಸಂಪೂರ್ಣವಾಗಿ ಬಂದಿತು. ಇನ್ನೊಂದರಲ್ಲಿ ನಡುನಡುವೆ ಕರಕರ ಸದ್ದಿದ್ದರೂ ಪದಗಳು ತಿಳಿಯುವವು. ತೀರಿಹೋದ ಮುದುಕಿಯದು ಮೊದಲ ನಾಲ್ವತ್ತು ಸೆಕೆಂಡು ಮಾತ್ರ ದೊರೆಯಿತು, ಕಲ್ಲು ತಿರುಗುವ ಸದ್ದು, ಒಂದು ಕೆಮ್ಮು, "ಹಾಡ್ಲೇನಪಾ?" ಎಂಬ ಮಾತು, ಮೊದಲ ನುಡಿಯ ಅರ್ಧ.

ಆಕೆಯ ಮನೆಯು ನಮ್ಮ ಊರಿನಿಂದ ದೂರವಿಲ್ಲ. ಆ ನಾಲ್ವತ್ತು ಸೆಕೆಂಡುಗಳನ್ನು ಮೊಬೈಲಿನಲ್ಲಿ ಹಾಕಿಕೊಂಡು ಹೋಗಿ ಆಕೆಯ ಮಗಳಿಗೆ ಕೇಳಿಸಿದೆವು. ಆಕೆಯು ಸೆರಗಿನಿಂದ ಕಣ್ಣೊರೆಸಿಕೊಂಡು, ಮತ್ತೊಮ್ಮೆ ಹಚ್ಚಲು ಹೇಳಿದಳು. ಬಳಿಕ ತನಗೆ ನೆನಪಿದ್ದ ಮೂರು ನುಡಿಗಳನ್ನು ಹೇಳಿದಳು. ನಾಲ್ಕನೆಯದು ತನ್ನ ಅತ್ತಿಗೆಗೆ ಬರುವದೆಂದಳು. ಅತ್ತಿಗೆಯು ಜೇವರ್ಗಿಯಲ್ಲಿರುವಳು. ಈ ಸಲ ನಾವು ವಹಿಯನ್ನೂ ಪೆನ್ಸಿಲನ್ನೂ ಒಯ್ದಿದ್ದೆವು. ಬರೆದುಕೊಂಡದ್ದನ್ನು ರಾತ್ರಿ ಯಂತ್ರಕ್ಕೆ ಏರಿಸಿ, ಎರಡು ಪೆನ್‌ಡ್ರೈವುಗಳಿಗೆ ಇಳಿಸಿ, ಒಂದನ್ನು ಕಲಬುರಗಿಗೆ ಕಳಿಸಿಕೊಟ್ಟೆವು. ಬರುವ ಅಮಾವಾಸ್ಯೆ ಕಳೆದ ಮೇಲೆ ಜೇವರ್ಗಿಗೆ ಹೋಗುವವರಿದ್ದೇವೆ.